ಸಾಹುಕಾರರ ಕೆಮ್ಮು

ಮೊನ್ನೆ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಜೋಳದ ಚೀಲ ಇಳಿಸಿಕೊಂಡು ಕೂತಿದ್ದೆ. ಕಾದ ಚರ್ಮದ ಪಟ್ಟಾದ ಮೇಲೆ ಹರಳೆಣ್ಣೆ ಬಿದ್ದ ವಾಸನೆ ಬಂತು. ಒಂದೇ ಹೊಡೆತಕ್ಕೆ ನನ್ನನ್ನು ಯುದ್ಧದ ಕಾಲದ, ಹತ್ತಿಯ ಬೀಜ ಬಿಡಿಸುವ ಜಿನ್ನಿಗೆ ಎತ್ತಿ ಒಗೆಯಿತು... ಅದು ಮಿಸ್ತ್ರಿ ಕಾಕಾನ ಅಂಗಿಯ ವಾಸನೆ.

ಮೊದಲು ನನ್ನ ದೊಡ್ಡಸ್ತಿಕೆ ಹೇಳಿಬಿಡುತ್ತೇನೆ, ನೀವು ಕೇಳದಿದ್ದರೂ. ಆಗ ಹುಬ್ಬಳ್ಳಿಯಲ್ಲಿ ನನ್ನಷ್ಟು ಚೆಂದ ಕೆಮ್ಮುವವರು ಯಾರೂ ಇರಲಿಲ್ಲ. ನಮ್ಮ ಜಿನ್ನಿನ ಸಾಹುಕಾರರ ಕೆಮ್ಮು ತೆಗೆದೆನೆಂದರೆ ಆಳುಗಳ ಮೇಲಿನ ಮುಕಾದಮ ಬಾಯಲ್ಲಿದ್ದ ಎಲೆಅಡಿಕೆ ನುಂಗಿ ಎದ್ದು ನಿಲ್ಲುತ್ತಿದ್ದ. ಅವರ ದನಿ, ಅವರ ಬೈಗುಳ, ಅವರ ಜೋಡಿನ ಸಪ್ಪಳ, ಎಲ್ಲ ನನ್ನ ಗಂಟಲಲ್ಲಿತ್ತು. ಈ ಚಾಳಿ ನೋಡಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲ, ಆ ಮಾತು ಬೇರೆ.

ಮಿಸ್ತ್ರಿ ಕಾಕಾ ಹಳೇ ಹುಬ್ಬಳ್ಳಿಯವನು. ಹರಿದ ಪಟ್ಟಾ ಹೊಲಿಯುವುದು, ಯಂತ್ರಗಳಿಗೆ ಎಣ್ಣೆ ಬಿಡುವುದು ಅವನ ಕೆಲಸ. ಇಂಜಿನ್ನು ಗೋಡೆಯಾಚೆ. ಅದು ತಿರುಗಿಸುವ ಪಟ್ಟಾಗಳು ಗೋಡೆಯ ಈಚೆ, ಹತ್ತಿ ಹಾಕುತ್ತ ನಿಂತ ಹೆಂಗಸರ ಹೆಗಲ ಪಕ್ಕದಲ್ಲೇ ಓಡುತ್ತಿದ್ದವು. ಒಂದು ಮರೆಯಿಲ್ಲ, ಕಟಕಟೆಯಿಲ್ಲ. ಕಾಕಾ ದಿನಾ ಮುಂಜಾನೆ ಬಾಗಿಲಲ್ಲಿ ನಿಂತು, ಸೆರಗು ಸೊಂಟಕ್ಕೆ ಬಿಗಿದವರನ್ನಷ್ಟೇ ಒಳಗೆ ಬಿಡುತ್ತಿದ್ದ.

ಆದರೆ ಸಾಹುಕಾರರು ಬಾಗಿಲಲ್ಲಿ ಕೆಮ್ಮಿದರೆ ಮುಗಿಯಿತು. ಹಿರಿಯರೆದುರು ಬರಿದಲೆಯಲ್ಲಿ ನಿಲ್ಲಬಾರದಲ್ಲ! ಹೆಂಗಸರೆಲ್ಲ ಸೊಂಟದ ಸೆರಗು ಕಿತ್ತು ತಲೆಯ ಮೇಲೆ ಎಳೆದುಕೊಳ್ಳುವರು. ಪಟ್ಟಾದ ಗಾಳಿಗೆ ಆ ಸೆರಗು ಹಾರುವುದು. ಹಿಂದಿನ ಸುಗ್ಗಿಯಲ್ಲಿ ಒಬ್ಬಳು ಹಾಗೆಯೇ ಸೆರಗು ಸಿಕ್ಕಿ ಸತ್ತಿದ್ದಳು. ಅವಳನ್ನು ಪಟ್ಟಾದಿಂದ ಬಿಡಿಸಿ ತೆಗೆದವನು ಕಾಕಾ. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ ಎಂದು ಅವನ ಮನೆಯವರು ಹೇಳುತ್ತಿದ್ದರು.

ಒಂದು ದಿನ ಕಾಕಾ, ಹತ್ತಿ ಹೊರುತ್ತಿದ್ದ ನನ್ನನ್ನು ರಾಶಿಯ ಹಿಂದೆ ಕರೆದ.

"ನಿನ್ನ ಗಂಟಲಕ್ಕ ಒಂದು ಖರೇ ಕೆಲಸ ಐತಿ. ದಿನಾ ಸಾವಕಾರ್ರಂಗ ಕೆಮ್ಮು. ಹೊತ್ತಿಲ್ಲ ಗೊತ್ತಿಲ್ಲ, ಕೆಮ್ಮಕೋತನ ಇರು. ಕೆಮ್ಮು ಕೇಳಿದ್ರೂ ಇವರ ಕೈ ಸೆರಗಿಗೆ ಹೋಗಬಾರದು, ಅಷ್ಟು ರೂಢಿ ಆಗ್ಲಿ."

ನನಗಿಂತ ದೊಡ್ಡ ಕಿಲಾಡಿ ಇವನು ಎಂದು ಮನಸ್ಸಿನಲ್ಲೇ ಕೈಮುಗಿದೆ. ಸುಗ್ಗಿಯುದ್ದಕ್ಕೂ ಕೆಮ್ಮಿದೆ. ಮೊದಮೊದಲು ಬೆಚ್ಚಿದ ಹೆಂಗಸರು ಆಮೇಲೆ ಬೈದರು, ಆಮೇಲೆ ನಕ್ಕರು, ಕೊನೆಗೆ ಕಿವಿಗೇ ಹಾಕಿಕೊಳ್ಳಲಿಲ್ಲ. ಎಲ್ಲರಿಗಿಂತ ಬಾಯಾಳಿ ಹೆಬ್ಬಳ್ಳಿಯ ಅಕ್ಕ. ಹೆಬ್ಬಳ್ಳಿಯಿಂದ ಮದುವೆಯಾಗಿ ಬಂದವಳು, ಎರಡು ಸಣ್ಣ ಮಕ್ಕಳ ತಾಯಿ. ನನಗೆ ಕಷಾಯ ಕಾಸಿ ತರುತ್ತೇನೆಂದು ಕಾಡಿಸುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಕೆಮ್ಮು ಕೇಳಿತು. ಯಾರ ಕೈಯೂ ಸೆರಗಿಗೆ ಹೋಗಲಿಲ್ಲ. ಹೆಬ್ಬಳ್ಳಿಯ ಅಕ್ಕ ತಿರುಗಿಯೂ ನೋಡದೆ ಅಂದಳು:

"ಇವತ್ತ ಛಲೋ ಬಂತು ನೋಡು. ಆ ಮುದುಕಗಿಂತ ಛಲೋ ಕೆಮ್ಮಿದಿ."

ಬಾಗಿಲಲ್ಲಿ ನಿಂತಿದ್ದವರು ಖುದ್ದು ಸಾಹುಕಾರರು.

ಮರುದಿನ ಮುಕಾದಮ ಹುಕುಂ ತಂದ: ಸಾಹುಕಾರರು ಬಂದಾಗ ತಲೆಯ ಮೇಲೆ ಸೆರಗು ಎಳೆಯದವಳಿಗೆ ಕೆಲಸವಿಲ್ಲ. ಕಾಕಾ ಟೊಪ್ಪಿಗೆ ಕೈಯಲ್ಲಿ ಹಿಡಿದು ಸಾಹುಕಾರರ ಮುಂದೆ ಹೋಗಿ ನಿಂತ. ನಾನು ಬಾಗಿಲ ಸಂದಿಯಿಂದ ಕೇಳಿದೆ.

"ಮರ್ಯಾದಿ ಬೇಕಂದ್ರ ಇಂಜಿನ್ ನಿಲ್ಲಿಸಿ ತಗೋರಿ, ಧಣಿ. ಓಡೋ ಪಟ್ಟಾದ ಮುಂದ ಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ."

ಬಿದ್ದೂ ಬಿದ್ದ. ಸಾಹುಕಾರರು ಕಾಲು ಹಿಂದೆಳೆದುಕೊಂಡರು. ಅಷ್ಟೇ.

ಅವತ್ತಿನಿಂದ ಕಾಕಾ ಪಟ್ಟಾ ಕೊಯ್ಯುವ ಚೂರಿಯನ್ನು ಸೊಂಟದಲ್ಲೇ ಇಟ್ಟುಕೊಂಡು ಹೆಂಗಸರ ಬೆನ್ನ ಹಿಂದೆ ಅಡ್ಡಾಡತೊಡಗಿದ. ನನಗೆ ಕೆಮ್ಮಲು ಬಾಯಿ ಬರಲಿಲ್ಲ.

ಮತ್ತೆ ಒಂದು ದಿನ ಬಾಗಿಲಲ್ಲಿ ಕೆಮ್ಮು. ಎಲ್ಲರ ಕೈಯೂ ಒಮ್ಮೆಲೇ ಸೊಂಟಕ್ಕೆ ಹೋಯಿತು. ಹೆಬ್ಬಳ್ಳಿಯ ಅಕ್ಕ ಸೆರಗು ಎಳೆದದ್ದು ಕಂಡೆ. ಅದು ತಲೆ ಮುಟ್ಟುವ ಮೊದಲೇ ಪಟ್ಟಾ ಅದನ್ನು ಕಚ್ಚಿತು. ಅವಳು ಕೂಗಲೂ ಇಲ್ಲ... ಕತ್ತು ಬಿಗಿದಿತ್ತು. ಕಾಕಾ ಹಾರಿ ಹೋಗಿ ಸೆರಗು ಕೊಯ್ದ. ಅವಳು ಹಿಂದಕ್ಕೆ ಬಿದ್ದಳು, ಬದುಕಿದಳು. ಆದರೆ ಪಟ್ಟಾ ಕಚ್ಚಿದ್ದ ಸೆರಗಿನ ಬಾಲ ಅವನ ಮುಂಗೈಗೆ ಸುತ್ತಿಕೊಂಡು ಅವನನ್ನು ಎಳೆಯಿತು.

ಇಂಜಿನ್ನಿನವ ಗೋಡೆಯಾಚೆ. ಸಾಹುಕಾರರು ಹೇಳದೆ ಅವನು ಯಾರ ಮಾತಿಗೂ ಇಂಜಿನ್ ನಿಲ್ಲಿಸುತ್ತಿರಲಿಲ್ಲ. ಸಾಹುಕಾರರು ನನ್ನ ಪಕ್ಕದಲ್ಲೇ ಬಾಯಿ ತೆರೆದು ನಿಂತಿದ್ದರು, ದನಿಯಿಲ್ಲ. ನಾನೇ ಅವರ ದನಿ ತೆಗೆದು ಗೋಡೆಗೆ ಕೂಗಿದೆ:

"ಇಂಜಿನ್ ಬಂದ್ ಮಾಡಲೇ!"

ನಾನು ಮಾಡಿದ ಎಲ್ಲ ಅಣಕಿನಲ್ಲಿ ಅದೇ ಶ್ರೇಷ್ಠ. ಇಂಜಿನ್ನಿನವ ಆ ಗಳಿಗೆಯಲ್ಲೇ ನಿಲ್ಲಿಸಿದ. ಆದರೆ ಅಷ್ಟು ದೊಡ್ಡ ಗಾಲಿ, ಹೇಳಿದ ಕೂಡಲೇ ನಿಲ್ಲುತ್ತದೆಯೇ? ತಿರುಗಿತು... ಇನ್ನೂ ತಿರುಗಿತು...

ಕಾಕಾನನ್ನು ಅರಳೆಯ ಮೇಲೆ ಮಲಗಿಸಿದೆವು. ಬಿಳಿ ಅರಳೆ ನೋಡನೋಡುತ್ತ ಬಿಳಿಯಾಗಿ ಉಳಿಯಲಿಲ್ಲ. ನನ್ನ ಮುಖ ನೋಡಿ ತುಟಿಯ ಮೂಲೆಯಲ್ಲಿ ನಕ್ಕ.

"ದನಿ ಛಲೋ ಬಂತು. ಕೆಮ್ಮೋದು ಮರ್ತಿ ಮಗನ."

ದವಾಖಾನೆಯ ದಾರಿಯಲ್ಲಿ, ಚಕ್ಕಡಿಯಲ್ಲೇ ಜೀವ ಬಿಟ್ಟ. ಸಾಹುಕಾರರ ದನಿ ಕದ್ದನೆಂದು ಮುಕಾದಮ ನನ್ನನ್ನು ಹೊರಗೆ ಹಾಕಿದ. ಮರುದಿನ ಮುಂಜಾನೆ ಗೇಟಿನಾಚೆ ನಿಂತು ನೋಡಿದೆ. ಇಂಜಿನ್ ಸುರುವಾಯಿತು. ಹೆಂಗಸರು ಒಳಗೆ ಹೋಗುತ್ತಿದ್ದರು, ಸೆರಗನ್ನು ಮೊದಲೇ ತಲೆಯ ಮೇಲೆ ಎಳೆದುಕೊಂಡು. ಬಾಗಿಲಲ್ಲಿ ತಡೆದು ನಿಲ್ಲಿಸುವವರು ಯಾರೂ ಇರಲಿಲ್ಲ. ಹೆಬ್ಬಳ್ಳಿಯ ಅಕ್ಕ, ಕತ್ತಿಗೆ ಅರಿವೆ ಸುತ್ತಿಕೊಂಡವಳು, ಅವಳೂ ಹೋದಳು.

ಈಗ ನನಗೆ ಖರೇ ಕೆಮ್ಮು ಹತ್ತಿದೆ. ಗಿರಣಿಯಲ್ಲಿ ಮೊನ್ನೆ ನನ್ನ ಮುಂದೆ ಯಾರದೋ ಮನೆಯ ಎಳೆ ಸೊಸೆ, ಸೆರಗು ಸೊಂಟಕ್ಕೆ ಸಿಗಿಸಿ, ಪಟ್ಟಾದ ಪಕ್ಕ ನಿಂತು ಜೋಳ ಸುರಿಯುತ್ತಿದ್ದಳು. ನಾನು ಕೆಮ್ಮಿದೆ. ಹಿರಿಯ ಕೂತಿದ್ದಾನೆಂದು ಅವಳ ಕೈ ಸೊಂಟಕ್ಕೆ ಹೋಯಿತು. ಬೇಡವ್ವಾ, ಎಳೀಬ್ಯಾಡ ಎಂದು ಹೇಳಲು ಬಾಯಿ ತೆರೆದೆ. ಊರಿನವರ ದನಿಯನ್ನೆಲ್ಲ ಕದ್ದವನಿಗೆ ನನ್ನದೇ ದನಿ ಬರಲಿಲ್ಲ. ಬಂದದ್ದು ಮತ್ತೆ ಕೆಮ್ಮು. ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.