ಮೂರನೆಯ ಭಾನುವಾರ

ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ನಾವು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆ ದಿನವಿಡೀ ಕಾರ್ಖಾನೆಯಲ್ಲಿ ಮಗ್ಗದ ಕಾಂಡಿ ಎಂಬ ಉರುಳೆಗಳಿಗೆ ನೂಲು ಸುತ್ತುತ್ತಿದ್ದರು. ಮನೆಯಲ್ಲಿ ಮಾತಾಡುವಾಗಲೂ ಅವರ ಬೆರಳುಗಳು ಇಲ್ಲದ ಎಳೆಯೊಂದನ್ನು ತೀಡುತ್ತಿದ್ದವು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಸಂಜೆ ಅವರ ಮನೆಯಲ್ಲಿ ಪ್ರಾರ್ಥನೆ. ವಾರಕ್ಕೊಂದು ಮೇಣದಬತ್ತಿ ಹೆಚ್ಚುತ್ತಿತ್ತು. ನಾನೂ ಹೋಗಿ ಕೂರುತ್ತಿದ್ದೆ.

"ನಾಕೂ ಒಮ್ಮೆಲೇ ಯಾಕ ಹಚ್ಚಬಾರ್ದರಿ?" ಎಂದು ಕೇಳಿದರೆ, "ಕಾಯೂದೂ ಒಂದ್ ಕೆಲಸಾನ ನೋಡವಾ" ಎನ್ನುತ್ತಿದ್ದರು. ನಲ್ಲಿಯ ನೀರು ತಡವಾದರೂ ಅದೇ ಮಾತು. ತಮ್ಮ ಮಾತು ಮೀರಿ ಬೇರೆ ಜಾತಿಯವನನ್ನು ಮದುವೆಯಾಗಿ ಗಡಹಿಂಗ್ಲಜಕ್ಕೆ ಹೋದ ಮಗಳ ಹೆಸರನ್ನು ಮಾತ್ರ ಎಂದೂ ಎತ್ತುತ್ತಿರಲಿಲ್ಲ.

ಒಂದು ವರ್ಷ ಮೂರನೆಯ ಭಾನುವಾರ, ಮೌಶಿ ಬೈಬಲ್ ಓದುತ್ತಿದ್ದಾಗ, ಆ ಮಗಳು ಗಂಡನೊಂದಿಗೆ ಬಂದು ಹೊಸ್ತಿಲಾಚೆ ನಿಂತಳು. ಮೌಶಿ ಓದು ನಿಲ್ಲಿಸಿದರು.

"ಹೊಳ್ಳಿ ಹೋಗ್ಲೇನವ್ವಾ?" ಎಂದು ಮಗಳು ಕೇಳಿದಳು.

"ಬಾಗ್ಲಾ ತೆರದಿಟ್ರ ಗಾಳಿಗೆ ಬತ್ತಿ ಆರ್ತಾವ. ಇಬ್ಬರೂ ಒಳಗ ಬಂದು ಬಾಗ್ಲಾ ಹಾಕ್ರಿ" ಎಂದರು ಮೌಶಿ.

ಚಾಪೆಯ ಮೇಲೆ ಸರಿದು ಜಾಗ ಬಿಟ್ಟರು. ಮತ್ತೆ ಓದಲು ಹೋದರೆ ದನಿ ಹೊರಡಲಿಲ್ಲ. ಪಕ್ಕದಲ್ಲಿ ಕೂತ ಮಗಳು ಅವರ ಕೈಯಿಂದ ಪುಸ್ತಕ ತೆಗೆದುಕೊಂಡು, ತಾಯಿ ನಿಲ್ಲಿಸಿದ ಸಾಲಿನಿಂದಲೇ ಓದತೊಡಗಿದಳು.