ಶಾಂತಾಬಾಯಿ ಅಕ್ಕೋರನ್ನ ಜೇವರ್ಗಿಗಿ ಮುಟ್ಟಿಸಿ ಬಂದದ್ದು

ಆಳಂದ ಬಸ್ ಸ್ಟ್ಯಾಂಡಿಂದ ಮುಂಜಾನಿ ಏಳಕ್ಕ ಹೊಂಟೆವು. ನಾನು, ಶಾಂತಾಬಾಯಿ ಅಕ್ಕೋರು, ಅವರದೊಂದು ಟ್ರಂಕು, ಒಂದು ಹಾಸಿಗಿ ಸುರಳಿ. ಅಕ್ಕೋರು ಸರ್ಕಾರಿ ದವಾಖಾನಿ ನರ್ಸ್ ಆಗಿ ರಿಟಾಯರ್ ಆದವರು. ಮದಿವಿ ಆಗಿಲ್ಲ. ನಮ್ಮ ಬಾಜೂ ಖೋಲ್ಯಾಗ ಬಾಡಿಗಿ ಇದ್ರು, ಈಗ ಮಾಲಕರಿಗಿ ಖೋಲಿ ಬೇಕಾಗ್ಯಾದ. ಮುಂದ ಇರಾಕ ಎರಡೇ ಮನಿ ಅವರ ಮನಸಿನ್ಯಾಗ ಇದ್ದವು. ಅಫಜಲಪುರದಾಗ ತಂಗಿ ಮಗಳದು, ಅದು ಆಗದಿದ್ರ ಜೇವರ್ಗ್ಯಾಗ ದವಾಖಾನಿಯ ಹಳೇ ಆಯಾ ಖಾಜಾಬಿದು. ಮೂರನೇದು ಇರಲಿಲ್ಲ.

ಹೆಣಮಕ್ಕಳಿಗಿ ಟಿಕೀಟ್ ಫುಕ್ಕಟ್, ನನಗ ಎಪ್ಪತ್ತು ರೂಪಾಯಿ. ರಸ್ತಾ ಭಾಳ ಕೆಟ್ಟದ್ದು, ಕಿಡಕಿಯಿಂದ ಧೂಳು. ಅಕ್ಕೋರು ಟ್ರಂಕಿನ ಮ್ಯಾಲ ಕಾಲಿಟ್ಟು ಬಾಯಾಗ ಏನೋ ಅಂದುಕೊಳ್ಳಾಕತ್ತಿದ್ರು.

“ಏನ್ರಿ ಅಕ್ಕೋರ, ಜಪ ನಡದದೇನು?”

“ಚಾರ್ಜ್ ಕೊಡೋದು ಬಾಯಿಪಾಠ ಮಾಡಾಕತ್ತೇನಿ.”

ಡ್ಯೂಟಿ ಮುಗಿಸಿದ ನರ್ಸು, ಬರೋ ನರ್ಸಿಗಿ ಒಂದೊಂದು ಪೇಷಂಟಿಂದು ಎಲ್ಲಾ ಹೇಳಿ ಮನಿಗಿ ಹೋಗಬೇಕಂತ. ಅದಕ್ಕ ಚಾರ್ಜ್ ಕೊಡೋದು ಅಂತಾರ. ಇವತ್ತು ಅಕ್ಕೋರು ತಮ್ಮದೇ ಚಾರ್ಜ್ ಕೊಡೋರಿದ್ರು.

“ವಯಸ್ಸು ಅರವತ್ತಾರು. ನಾಕಕ್ಕ ಎಚ್ಚರ. ಚಹಾಕ್ಕ ಸಕ್ರಿ ಬ್ಯಾಡ. ರೊಟ್ಟಿ ಬಿಸಿ ಇದ್ರ ಒಂದೂವರಿ, ಆರಿದ್ರ ಅರ್ಧ. ಎಡಗಿವಿ ಕೇಳಂಗಿಲ್ಲ. ದಿನಾ ಒಂದು ಗುಳಿಗಿ. ದಿನಾ ಎರಡು ಸಲ ಸೀರಿ ಬದಲಿ ಮಾಡ್ತೇನಿ, ಅದೊಂದು ಚಟ.” ಆಮ್ಯಾಲ ಸಣ್ಣ ದನಿಲೆ, “ತಿಂಗಳಿಗೊಮ್ಮೆ ಚಕ್ಕರ್ ಬಂದು ಬೀಳ್ತೇನಿ.”

ಅಫಜಲಪುರ ಮುಟ್ಟಿದಾಗ ಒಂಬತ್ತೂವರಿ. ತಂಗಿ ಮಗಳು ಸುಸಲಾ ಚಹಾ ಕೊಟ್ಟಳು. ಚಲೋ ಹೆಣಮಗಳು. ಅಕ್ಕೋರು ಚಾರ್ಜ್ ಕೊಡಾಕ ಸುರು ಮಾಡಿದ್ರು. ಸೀರಿ ಮಾತಿನ ತನಕ ಎಲ್ಲಾರೂ ನಕ್ಕರು. ಚಕ್ಕರ್ ಅಂದಕೂಡ್ಲೆ ಆಕಿ ಗಂಡನ ಮಾರಿ ನೋಡಿದಳು.

“ದೊಡ್ಡವ್ವ, ನಾವಿಬ್ರೂ ಸಾಲಿಗಿ ಪಾಠ ಹೇಳಾಕ ಹೋಗ್ತೇವಿ. ನೀ ಬಿದ್ರ ಎತ್ತೋರು ಯಾರು?”

ಸುಳ್ಳಲ್ಲ. “ಖರೆ ಅದವ್ವ” ಅಂದು ಅಕ್ಕೋರು ತಮ್ಮ ಕಪ್ಪು ತಾವೇ ತೊಳದಿಟ್ಟರು.

ಜೇವರ್ಗಿ ಬಸ್ಸಿಗಿ ಎರಡು ತಾಸು ಕಾಯ್ದೆವು. ಬಿಸಲು ಕಣ್ಣು ಬಿಡಾಕ ಕೊಡಲಿಲ್ಲ. ನಾ ತಡೀಲಾರದೆ ಅಂದೆ, “ಅಲ್ಲಿ ಅದೊಂದು ಮಾತು ಬಿಟ್ಟು ಹೇಳ್ರಿ.”

“ಮುಚ್ಚಿಟ್ಟು ಚಾರ್ಜ್ ಕೊಟ್ರ ಮುಂದಿನ ಡ್ಯೂಟಿಯವಳ ಗತಿ ಏನು?”

“ನೀವೀಗ ಡ್ಯೂಟಿ ಮ್ಯಾಲಿಲ್ರಿ. ಖಾಜಾಬಿನೂ ಒಲ್ಲೆ ಅಂದ್ರ ಟ್ರಂಕು ತಗೊಂಡು ಎಲ್ಲಿ ಹೋಗೋಣು?”

ಬಸ್ಸು ಭೀಮಾ ಹೊಳಿ ದಾಟುವಾಗ ಅಕ್ಕೋರು ಕಣ್ಣು ಮುಚ್ಚಿದ್ರು. ನಿದ್ದಿ ಹತ್ಯಾದ ಅಂದುಕೊಂಡೆ, ಆದ್ರ ತುಟಿ ಅಲ್ಲಾಡಾಕತ್ತಿದ್ದವು.

ಖಾಜಾಬಿ ಅಂಗಳದಾಗ ಅಕ್ಕಿ ಹಸನ ಮಾಡಾಕತ್ತಿದ್ದಳು. “ಆವೋ ಸಿಸ್ಟರ್. ಎಷ್ಟು ಬಡಕ ಆಗೀರಿ, ಗಾಳಿಗಿ ಹಾರಿ ಬಂದ್ರೇನು?”

ಅಕ್ಕೋರು ಕುಂಡ್ರಲಿಲ್ಲ. ನಿಂತೇ, “ಇರಾಕ ಬಂದೇನಿ. ಮೊದಲ ಚಾರ್ಜ್ ಕೇಳು” ಅಂದ್ರು.

“ಇಪ್ಪತ್ತು ವರ್ಷ ‘ಬೆಡ್‌ಪ್ಯಾನ್ ತಾ ಬೇ’ ಅಂದ್ರಿ. ಚಾರ್ಜ್ ಒಂದಿನ ನನಗ ಕೊಟ್ಟಿಲ್ಲ.”

“ಆಯಾಗಳಿಗಿ ಯಾರು ಕೊಡ್ತಾರ ಬೇ?”

“ಈಗ ಕೊಡಾಕತ್ತೀರಲ್ಲ. ಹೇಳ್ರಿ.”

ವಯಸ್ಸು, ಚಹಾ, ರೊಟ್ಟಿ, ಎಡಗಿವಿ, ಗುಳಿಗಿ, ಸೀರಿ. ಅಲ್ಲಿಗಿ ನಿಂತರು. ನಾ ಕೆಮ್ಮಿದೆ. ಅಕ್ಕೋರು ನನ್ನ ಒಮ್ಮೆ ನೋಡಿ ಆಕಿ ಕಡಿ ತಿರುಗಿದರು.

“ತಿಂಗಳಿಗೊಮ್ಮೆ ಚಕ್ಕರ್ ಬಂದು ಬೀಳ್ತೇನಿ, ಖಾಜಾಬಿ.”

ನಾ ನೆಲ ನೋಡಿಕೊಂಡು ನಿಂತೆ. ಖಾಜಾಬಿ ಮೊರ ಕೆಳಗಿಟ್ಟಳು.

“ಬೀಳೋಕಿಂತ ಮೊದಲ ಏನಾಗ್ತದ?”

“ಮೈ ಬೆವರ್ತದ. ಬಾಯಿ ಒಣಗ್ತದ.”

“ನನ್ನ ಕರಿಯಾಕ ಟೈಮ್ ಸಿಗ್ತದೇನು?”

“ಒಂದು ಸಲ ಕರಿಯಾಕ ಸಿಗ್ತದ.”

“ಸಾಕು.”

ಗ್ವಾಡಿ ಹಿಡಕೊಂಡು ಎದ್ದು, ತನ್ನ ಹೊರಸು ಎಳಕೊಂಡು ಹೋಗಿ ಇನ್ನೊಂದು ಖಾಲಿ ಹೊರಸಿನ ಬಾಜೂಕ ಹಚ್ಚಿದಳು. “ಬಲಗಿವಿ ನನ್ನ ಕಡಿ ಮಾಡಿ ಮಕ್ಕೋರಿ. ಚಾರ್ಜ್ ತಗೊಂಡೆ.” ನನ್ನ ಕಡಿ ತಿರುಗಿ, “ಪೇಷಂಟ್ ಕಡಿಯವರು ಹೊರಗ ನಡೀರಿ. ಟೈಮ್ ಆತು.”

ಅಕ್ಕೋರು ಹೊರಸಿನ ಮ್ಯಾಲ ಕುಂತು ಚಪ್ಪಲಿ ಬಿಟ್ಟರು. ಪಾದ ಬಾತಿದ್ದವು, ದಿನ ಪೂರ್ತಿ ನನಗ ಕಂಡಿರಲಿಲ್ಲ. ನನ್ನ ಕಾಲೂ ಸೋತಿದ್ದವು, ಇನ್ನ ಆಳಂದ ಮುಟ್ಟಬೇಕಿತ್ತು. ಓಣಿ ತಿರುವಿನ ತನಕ ಖಾಜಾಬಿ ದನಿ ಕೇಳಾಕತ್ತಿತ್ತು.

“ಗುಳಿಗಿ ಊಟಕ್ಕ ಮೊದಲೋ, ಉಂಡ ಮ್ಯಾಲೋ?”