ಬೆಂಕಿ ರೇಖೆಯ ನಡುವೆ ಒಂದು ಪೊದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಣಕಾಡಿನ ಅಂಚಿನಲ್ಲಿ ಕಿಡಿಯಕ್ಕ ಬಗ್ಗಿ ಹುಲ್ಲು ಮುಟ್ಟಿ ನೋಡುತ್ತಾರೆ. ಇಬ್ಬನಿಯ ಪಸೆ ಇದೆ. ಬೆಂಕಿ ಹೇಳಿದ ಮಾತು ಕೇಳುವುದು ಈ ಹೊತ್ತಿನಲ್ಲಿ ಮಾತ್ರ. ಕಡ್ಡಿ ಗೀರುತ್ತಾರೆ. ಉರಿ ಅಡ್ಡದಾರಿ ಹಿಡಿದರೆ ಬಡಿದು ಆರಿಸಲು ಓರಗಿತ್ತಿ ಹಸಿ ಕೊಂಬೆ ಹಿಡಿದು ಹಿಂದೆ ನಿಂತಿದ್ದಾಳೆ.

ಬೇಸಿಗೆಯ ಗಾಳಿ ಏಳುವ ಮೊದಲೇ ಕಾಡಿನ ಸುತ್ತ ಅಗಲವಾದ ಪಟ್ಟಿಯೊಂದನ್ನು ಸುಟ್ಟು ಬೋಳು ಮಾಡಿಡುವುದು ಇವರ ಕೆಲಸ. ಅದೇ ಬೆಂಕಿ ರೇಖೆ. ಮುಂದೆ ಕಾಡ್ಗಿಚ್ಚು ಬಂದರೆ ಇಲ್ಲಿ ಅದಕ್ಕೆ ತಿನ್ನಲು ಏನೂ ಸಿಗಬಾರದು. ಮದುವೆಯಾದ ವರ್ಷದಿಂದ ಹೊಗೆ ಕುಡಿದು ಕಿಡಿಯಕ್ಕನ ದನಿ ಒಡೆದಿದೆ, ಹುಬ್ಬು ಅರ್ಧ ಸುಟ್ಟಿದೆ. 'ಕನ್ನಡಿ ನೋಡೋದನ್ನೇ ಬಿಟ್ಟಿದೀನಿ' ಎಂದು ನಗುತ್ತಾರೆ.

ಹೊಗೆ ಎದ್ದಲ್ಲಿ ನೊಣಹಿಡುಕ ಹಾಜರ್. ಹಿಡಿಯೊಳಗೆ ಅಡಗುವಷ್ಟು ಪುಟ್ಟ ಹಕ್ಕಿ. ಹುಲ್ಲಿನಿಂದ ಕಂಗೆಟ್ಟು ಏಳುವ ಹುಳುಗಳನ್ನು ಗಾಳಿಯಲ್ಲೇ ಗಬಕ್ಕನೆ ಹಿಡಿದು ನುಂಗುತ್ತದೆ. ಕರೆಯದೆ ಊಟಕ್ಕೆ ಬರುವ ನೆಂಟ ಎಂದು ಕೆಲಸದವರೆಲ್ಲ ಅದನ್ನು ರೇಗಿಸುತ್ತಾರೆ. ಇವತ್ತಿನ ಹಕ್ಕಿ ಮಾತ್ರ ಹುಳು ಹಿಡಿದರೂ ನುಂಗುತ್ತಿಲ್ಲ. ಕಿಡಿಯಕ್ಕ ಥಟ್ಟನೆ ಕೈ ಎತ್ತುತ್ತಾರೆ, ಓರಗಿತ್ತಿ ಉರಿ ಬಡಿದು ಆರಿಸುತ್ತಾಳೆ.

'ಬಾಯಿಗೆ ಬಂದಿದ್ದನ್ನ ಹಂಗೇ ಹೊತ್ಕೊಂಡು ಹೋಗ್ತಿದೆ ಅಂದ್ರೆ ಮನೇಲಿ ಕಾಯೋರಿದಾರೆ ಅಂತ. ನಾನೂ ಹಂಗೇ ಮಕ್ಕಳನ್ನ ಸಾಕಿದೋಳು' ಎನ್ನುತ್ತಾರೆ ಕಿಡಿಯಕ್ಕ.

ಹುಡುಕಿದರೆ, ಇನ್ನೂ ಸುಡಬೇಕಾದ ಪಟ್ಟಿಯ ನಟ್ಟನಡುವಿನ ಪೊದೆಯಲ್ಲಿ ಗೂಡು. ಒಳಗೆ ಕಣ್ಣೂ ಬಿಡದ ಮರಿಗಳು. ಕೆಲಸದ ಉಸ್ತುವಾರಿ ಹೊತ್ತ ಮೇಸ್ತ್ರಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಗಾಳಿ ಇವತ್ತೋ ನಾಳೆಯೋ ಏಳುತ್ತದೆ, ರೇಖೆ ಒಂದು ಕಡೆ ಬಿಟ್ಟುಹೋದರೂ ಇಡೀ ಕಾಡಿಗೆ ಆಪತ್ತು ಎಂಬುದು ಅವರ ಸಂಕಟ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಕಿಡಿಯಕ್ಕ ವಾದಕ್ಕೆ ನಿಲ್ಲದೆ ಗುದ್ದಲಿ ಎತ್ತಿಕೊಳ್ಳುತ್ತಾರೆ.

'ನಿಮಗೆ ಬೋಳು ನೆಲ ಬೇಕು ತಾನೆ? ಕೊಡ್ತೀನಿ.'

ಸುಟ್ಟರೆ ಚಿಟಿಕೆ ಹೊಡೆಯುವುದರೊಳಗೆ ಮುಗಿಯುವ ಕೆಲಸ, ಕೆತ್ತಿದರೆ ಸೊಂಟ ಮುರಿಯುತ್ತದೆ. ಪೊದೆಯೊಂದನ್ನು ಬಿಟ್ಟು ಸುತ್ತಲಿನ ಹುಲ್ಲನ್ನೆಲ್ಲ ಓರಗಿತ್ತಿಯರಿಬ್ಬರೂ ಬೇರುಸಹಿತ ಕೆತ್ತಿ ಹೊರಗೆ ಹೊರುತ್ತಾರೆ. ಅಂಗೈ ಬೊಬ್ಬೆ ಒಡೆದರೂ ಕಿಡಿಯಕ್ಕ ಕೂರುವುದಿಲ್ಲ. ಸಂಜೆ ಮೇಸ್ತ್ರಿ ಕಾಲಿನಿಂದ ನೆಲ ಸವರಿ ನೋಡುತ್ತಾರೆ. ಒಂದು ಎಸಳು ಹುಲ್ಲೂ ತಾಗುವುದಿಲ್ಲ. ತಮ್ಮ ನೀರಿನ ಬಾಟಲಿಯನ್ನು ಕಿಡಿಯಕ್ಕನ ಮುಂದೆ ಹಿಡಿಯುತ್ತಾರೆ.

ಎರಡು ವಾರದ ಮೇಲೆ ಆಚೆ ಗುಡ್ಡದಿಂದ ಕಾಡ್ಗಿಚ್ಚು ಇಳಿದು ಬರುತ್ತದೆ. ರೇಖೆಯ ತನಕ ಬಂದು, ಅಲ್ಲೇ ಸಾಯುತ್ತದೆ. ಬೆಳಗಾಗುತ್ತಲೇ ಕಿಡಿಯಕ್ಕ ಓಡಿಹೋಗಿ ನೋಡಿದರೆ ಪೊದೆಯ ಎಲೆ ಬಾಡಿದೆ, ಗೂಡು ಬರಿದಾಗಿದೆ. ಬಗ್ಗಿ ಪೊದೆಯ ಬುಡವನ್ನೆಲ್ಲ ತಡಕುತ್ತಾರೆ. ಅಷ್ಟರಲ್ಲಿ ಕಾಡಿನ ಬದಿಯ ಕೊಂಬೆಯ ಮೇಲೆ ಚಿಲಿಪಿಲಿ. ಮರಿಗಳು ಸಾಲಾಗಿ ಕೂತು, ತಾಯಿಯ ಮುಂದೆ ಬಾಯಿ ತೆರೆದಿವೆ.

ಕಿಡಿಯಕ್ಕ ಕಣ್ಣೊರೆಸಿಕೊಂಡು ಓರಗಿತ್ತಿಯತ್ತ ತಿರುಗುತ್ತಾರೆ. 'ಇನ್ಮೇಲೆ ಅವೇ ದುಡ್ಕೊಂಡು ತಿನ್ನಲಿ. ಅವರಮ್ಮಂಗೂ ಸೊಂಟ ನೋಯಲ್ವಾ.'